ಜಿಯೋಕ್ಯಾಶಿಂಗ್: ಯಾವ ಸಾಧನ, ಯಾವ ಡಬ್ಬಿ, ಯಾವ ನಡವಳಿಕೆ

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್ ನಗರಕ್ಕೆ ಪೂರ್ವದ ಊರೊಂದರಲ್ಲಿ ನಾವು ನೆಲೆಸಿ ಹದಿನಾಲ್ಕು ವರ್ಷಗಳಾದವು. ಅವುಗಳಲ್ಲಿ ಹನ್ನೊಂದು ವರ್ಷಗಳ ಶನಿವಾರದ ಬೆಳಗುಗಳು ಬಹುಮಟ್ಟಿಗೆ ಜಿಯೋಕ್ಯಾಶಿಂಗ್‌ಗೆ ಸಂದಿವೆ. ಇಲ್ಲಿಗೆ ಹೊಸದಾಗಿ ಬರುವ ಕನ್ನಡ ಕುಟುಂಬಗಳು ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತಾಗ ಈ ಹವ್ಯಾಸದ ಮಾತು ಬಂದೇ ಬರುತ್ತದೆ; ಅವರು ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಫೋನ್ ಸಾಕೇ, ಬೇರೆ ಸಾಧನ ಕೊಳ್ಳಬೇಕೇ? ಮಕ್ಕಳನ್ನು ಕರೆದುಕೊಂಡು ಹೋಗಲು ಯಾವ ಬಗೆಯದು ಒಳ್ಳೆಯದು? ಸಿಗದಿದ್ದರೆ ಹಾಗೆಂದು ಬರೆಯಬೇಕೇ? ರಜೆಗೆ ಊರಿಗೆ ಹೋದಾಗ ಅಲ್ಲೊಂದು ಡಬ್ಬಿ ಇಟ್ಟು ಬರಬಹುದೇ? ಈ ಪ್ರಶ್ನೆಗಳಿಗೆ ನಾನು ಕೊಡುವ ಉತ್ತರಗಳನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಹೊಸಬರಿಗಾಗಿ ಎರಡು ಮಾತು. ಒಬ್ಬರು ಡಬ್ಬಿಯೊಂದನ್ನು ಅಡಗಿಸಿ ಅದರ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸುತ್ತಾರೆ. ಉಳಿದವರು ಜಿಪಿಎಸ್ ನೆರವಿನಿಂದ ಅದನ್ನು ಹುಡುಕಿ, ಒಳಗಿರುವ ಲಾಗ್ ಪುಸ್ತಕದಲ್ಲಿ ಹೆಸರು ಬರೆದು, ಇದ್ದ ಜಾಗದಲ್ಲೇ ಇದ್ದ ಹಾಗೆಯೇ ಇಟ್ಟು ಬರುತ್ತಾರೆ. ಆ ಡಬ್ಬಿಗೆ ಕ್ಯಾಶ್ ಎನ್ನುತ್ತಾರೆ. ಉಚ್ಚಾರಣೆ ಒಂದೇ ಆದರೂ ನಗದು ಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ನಾಗರಿಕರಿಗೆ ಸಿಗುವ ಜಿಪಿಎಸ್ ಸಂಕೇತದಲ್ಲಿ ಅಮೆರಿಕ ಸರ್ಕಾರ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು 2000ನೆಯ ಇಸವಿಯ ಮೇ ತಿಂಗಳ ಆರಂಭದಲ್ಲಿ ನಿಲ್ಲಿಸಿತು. ಅಲ್ಲಿಯವರೆಗೆ ನೂರು ಮೀಟರಿನಷ್ಟು ತಪ್ಪಬಹುದಾಗಿದ್ದ ಲೆಕ್ಕ ಒಂದೇ ರಾತ್ರಿಯಲ್ಲಿ ಹತ್ತಿಪ್ಪತ್ತು ಮೀಟರಿನೊಳಕ್ಕೆ ಬಂದಿತು. ಅದನ್ನು ಪರೀಕ್ಷಿಸಲೆಂದು ಡೇವ್ ಉಲ್ಮರ್ ಅವರು ಮೇ 3ರಂದು ನಮ್ಮ ನೆರೆಯ ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಒಂದು ಕಪ್ಪು ಬಕೆಟ್ಟನ್ನು ಇಟ್ಟು ಅದರ ಸ್ಥಾನವನ್ನು ಪ್ರಕಟಿಸಿದರು. ಅದೇ ವರ್ಷದ ಸೆಪ್ಟೆಂಬರ್ 2ರಂದು ಜೆರೆಮಿ ಐರಿಶ್ ಅವರು ಜಿಯೋಕ್ಯಾಶಿಂಗ್ ಡಾಟ್ ಕಾಮ್ ಆರಂಭಿಸಿದಾಗ ಪಟ್ಟಿಯಲ್ಲಿದ್ದವು 75 ಕ್ಯಾಶ್‌ಗಳು. ಇಂದು ಜಗತ್ತಿನಾದ್ಯಂತ ಅವು ಮೂವತ್ತು ಲಕ್ಷವನ್ನು ದಾಟಿವೆ.

ಮುಂದೆ ಬರುವ ಪ್ರತಿಯೊಂದು ಆಯ್ಕೆಯಲ್ಲೂ ನಾನು ಬಳಸುವ ಅಳತೆಗೋಲು ಒಂದೇ. ಡಬ್ಬಿ ಅಡಗಿಸಿದವರದು, ನೆಲ ಇನ್ನೊಬ್ಬರದು, ಹುಡುಕುವ ಸಂತೋಷದಲ್ಲಿ ನಮ್ಮ ಹಿಂದೆ ಬರುವವರಿಗೂ ಪಾಲಿದೆ. ನನಗೆ ಎರಡು ದಾರಿಗಳೂ ಸಮವಾಗಿ ಕಂಡಾಗ ಈ ಮೂವರಿಗೆ ಯಾವುದರಿಂದ ತೊಂದರೆ ಕಡಿಮೆಯೋ ಅದನ್ನು ಆರಿಸುತ್ತೇನೆ.

ಫೋನ್ ಸಾಕೇ, ಕೈಸಾಧನ ಬೇಕೇ

ಮೊದಲ ಐವತ್ತು ಕ್ಯಾಶ್‌ಗಳವರೆಗೆ ಫೋನ್ ಧಾರಾಳವಾಗಿ ಸಾಕು ಎಂಬುದು ನನ್ನ ನಿಶ್ಚಿತ ಅಭಿಪ್ರಾಯ. ಬಯಲಿನಲ್ಲಿ ಇಂದಿನ ಫೋನ್ ಸುಮಾರು ಐದು ಮೀಟರಿನೊಳಗೆ ಸ್ಥಾನ ತೋರಿಸುತ್ತದೆ; ಅದಕ್ಕಿಂತ ಬಹಳ ಉತ್ತಮವಾದ ಫಲವನ್ನು ಜಿಪಿಎಸ್‌ಗೆಂದೇ ಇರುವ ಸಾಮಾನ್ಯ ಕೈಸಾಧನವೂ ಕೊಡುವುದಿಲ್ಲ. ನಕ್ಷೆ, ಸುಳಿವು, ಹಿಂದೆ ಹುಡುಕಿದವರ ಅನುಭವ ಎಲ್ಲವೂ ಫೋನಿನಲ್ಲೇ ಸಿಗುತ್ತವೆ. ಆಂಡ್ರಾಯ್ಡ್ ಬಳಸುವವರಿಗೆ ಅಧಿಕೃತ ಆ್ಯಪ್ ಅಲ್ಲದೆ ಸಿ-ಜಿಯೋ ಎಂಬ ಮುಕ್ತ ತಂತ್ರಾಂಶವೂ ಇದೆ. ಕೈಸಾಧನದ ಬೆಲೆ ಗೊತ್ತಾಗುವುದು ಮಳೆ, ಚಳಿ ಮತ್ತು ದೂರದ ನಡಿಗೆ ಮೂರೂ ಕೂಡಿದಾಗ. ಎರಡು ಡಬಲ್-ಎ ಬ್ಯಾಟರಿಗಳ ಮೇಲೆ ನಡೆಯುವ ಸರಳ ಸಾಧನವೊಂದು ಇಪ್ಪತ್ತು ಗಂಟೆಗಳ ಆಸುಪಾಸು ಕೆಲಸ ಮಾಡುತ್ತದೆ, ನೀರಿಗೆ ಹೆದರುವುದಿಲ್ಲ, ಬಿಸಿಲಿನಲ್ಲೂ ಪರದೆ ಓದಲು ಬರುತ್ತದೆ, ಗುಂಡಿಗಳನ್ನು ಕೈಗವಸು ತೆಗೆಯದೆ ಒತ್ತಬಹುದು. ನವೆಂಬರಿನ ಒಂದು ಮಧ್ಯಾಹ್ನ ಕ್ಯಾಸ್ಕೇಡ್ ಬೆಟ್ಟಗಳಲ್ಲಿ ನನ್ನ ಫೋನ್ ಶೇಕಡಾ 30ರಷ್ಟು ಚಾರ್ಜ್ ತೋರಿಸುತ್ತಿದ್ದಾಗಲೇ ಚಳಿಗೆ ಆರಿಹೋಯಿತು. ಹಿಂದಿರುಗುವ ದಾರಿ ಪರಿಚಿತವಾಗಿದ್ದುದರಿಂದ ತೊಂದರೆಯಾಗಲಿಲ್ಲ, ಆದರೆ ಅಂದಿನಿಂದ ಬೆಟ್ಟದ ದಾರಿಗೆ ಎರಡನ್ನೂ ಒಯ್ಯುತ್ತೇನೆ. ಫೋನ್ ಒಂದನ್ನೇ ನಂಬುವವರು ಹೊರಡುವ ಮೊದಲು ಮನೆಯಲ್ಲೇ ನಕ್ಷೆಯನ್ನೂ ಕ್ಯಾಶ್‌ನ ವಿವರವನ್ನೂ ಇಳಿಸಿಕೊಂಡಿರಬೇಕು, ಒಂದು ಪವರ್ ಬ್ಯಾಂಕನ್ನು ಒಳಜೇಬಿನಲ್ಲಿ ಬೆಚ್ಚಗಿಟ್ಟುಕೊಂಡಿರಬೇಕು.

ನಮ್ಮ ಭಾಗದ ಕಾಡುಗಳಲ್ಲಿ ಡಗ್ಲಸ್ ಫರ್ ಮರಗಳು ಆಕಾಶವನ್ನು ಮುಚ್ಚಿಬಿಡುತ್ತವೆ. ಅಲ್ಲಿ ಯಾವ ಸಾಧನದ ಮುಳ್ಳೂ ಒಂದೆಡೆ ನಿಲ್ಲುವುದಿಲ್ಲ. ಅಡಗಿಸಿದವರು ಅಳೆದ ಸ್ಥಾನದಲ್ಲೂ ಕೆಲವು ಮೀಟರುಗಳ ತಪ್ಪಿರುತ್ತದೆ, ನಮ್ಮದರಲ್ಲೂ ಇರುತ್ತದೆ, ಎರಡೂ ಕೂಡಿಕೊಳ್ಳುತ್ತವೆ. ಆದ್ದರಿಂದ ದೂರ ಹತ್ತು ಮೀಟರಿಗೆ ಇಳಿದ ಕೂಡಲೇ ಸಾಧನವನ್ನು ಜೇಬಿಗೆ ಹಾಕಿ ಕಣ್ಣುಗಳನ್ನು ನಂಬಬೇಕು. ಮುಳ್ಳು ತಿರುಗಿದತ್ತ ತಿರುಗಿ ಪಾಚಿ, ಜರಿಗಿಡಗಳನ್ನು ತುಳಿಯುತ್ತ ಹೋಗುವವರಿಂದಲೇ ಕ್ಯಾಶ್‌ನ ಸುತ್ತ ಬೋಳು ನೆಲ ಉಂಟಾಗುತ್ತದೆ.

ಸಾಧನ ಯಾವುದಾದರೂ ಇರಲಿ, ನಿರ್ದೇಶಾಂಕಗಳನ್ನು ಬರೆಯುವ ಕ್ರಮದಲ್ಲಿ ಎಚ್ಚರ ತಪ್ಪಬಾರದು. ಈ ಹವ್ಯಾಸದಲ್ಲಿ ಬಳಕೆಯಲ್ಲಿರುವುದು ಡಿಗ್ರಿ ಮತ್ತು ದಶಮಾಂಶ ಮಿನಿಟುಗಳ ಕ್ರಮ, ಉದಾಹರಣೆಗೆ ಉತ್ತರ 12° 58.500′. ಇದನ್ನೇ 12 ಡಿಗ್ರಿ 58 ಮಿನಿಟು 50 ಸೆಕೆಂಡು ಎಂದು ಓದಿಕೊಂಡರೆ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಹೋಗುತ್ತೇವೆ, 12.58500 ಡಿಗ್ರಿ ಎಂದು ನಮೂದಿಸಿದರೆ ನಲವತ್ತು ಕಿಲೋಮೀಟರುಗಳಿಗೂ ಮಿಗಿಲಾದ ತಪ್ಪು. ಸಿಯಾಟಲ್ ಇರುವುದು ಪಶ್ಚಿಮ ರೇಖಾಂಶದಲ್ಲಿ. ಋಣಚಿಹ್ನೆಯೊಂದನ್ನು ಮರೆತರೆ ನಕ್ಷೆ ನಮ್ಮನ್ನು ಚೀನಾದ ಒಳ ಮಂಗೋಲಿಯಾಕ್ಕೆ ಒಯ್ಯುತ್ತದೆ. ಮಿನಿಟಿನ ಮೂರನೆಯ ದಶಮಾಂಶ ಸ್ಥಾನದಲ್ಲಿ ಒಂದು ಅಂಕಿ ಬದಲಾದರೆ ಅಕ್ಷಾಂಶದಲ್ಲಿ ಸುಮಾರು 1.85 ಮೀಟರ್ ವ್ಯತ್ಯಾಸ. ರೇಖಾಂಶದಲ್ಲಿ ಬೆಂಗಳೂರಿನಲ್ಲಿ 1.8 ಮೀಟರ್, ಸಿಯಾಟಲ್‌ನಲ್ಲಿ 1.25 ಮೀಟರ್. ಮೂರೂ ಅಂಕಿಗಳನ್ನು ಬರೆದುಕೊಳ್ಳಬೇಕೆಂದು ಹಿರಿಯ ಹವ್ಯಾಸಿಗಳು ಹೇಳುವುದು ಇದಕ್ಕಾಗಿಯೇ.

ಯಾವ ಬಗೆಯಿಂದ ಆರಂಭಿಸಬೇಕು

ಸಾಂಪ್ರದಾಯಿಕ ಕ್ಯಾಶ್‌ನಲ್ಲಿ ಪ್ರಕಟಿಸಿದ ಸ್ಥಾನದಲ್ಲೇ ಡಬ್ಬಿ ಇರುತ್ತದೆ. ಮಲ್ಟಿ ಕ್ಯಾಶ್ ಒಂದು ಜಾಗದಿಂದ ಇನ್ನೊಂದಕ್ಕೆ ಸುಳಿವು ಹಿಡಿದು ನಡೆಸುತ್ತದೆ. ಮಿಸ್ಟರಿ ಕ್ಯಾಶ್‌ನಲ್ಲಿ ಮನೆಯಲ್ಲೇ ಒಗಟು ಬಿಡಿಸಿದ ಬಳಿಕವಷ್ಟೇ ನಿಜವಾದ ಸ್ಥಾನ ತಿಳಿಯುತ್ತದೆ. ಅದು ನಕ್ಷೆಯಲ್ಲಿ ಕಾಣುವ ಬಿಂದುವಿನಿಂದ ಸಾಮಾನ್ಯವಾಗಿ 3.2 ಕಿಲೋಮೀಟರಿನೊಳಗೆ ಇರುತ್ತದೆ. ಲೆಟರ್‌ಬಾಕ್ಸ್ ಬಗೆಯಲ್ಲಿ ರಬ್ಬರ್ ಮುದ್ರೆಯೊಂದು ಇರುತ್ತದೆ. ಇದರ ಮೂಲ ಜಿಪಿಎಸ್‌ಗಿಂತ ಬಹಳ ಹಳೆಯದು: 1854ರಲ್ಲಿ ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನ ಕ್ರ್ಯಾನ್‌ಮಿಯರ್ ಪೂಲ್ ಎಂಬಲ್ಲಿ ಮಾರ್ಗದರ್ಶಿ ಜೇಮ್ಸ್ ಪೆರಟ್ ಇಟ್ಟ ಬಾಟಲಿಯೊಳಗೆ ಅಲ್ಲಿಯವರೆಗೆ ನಡೆದು ಬಂದವರು ತಮ್ಮ ವಿಸಿಟಿಂಗ್ ಕಾರ್ಡ್ ಹಾಕಿ ಹೋಗುತ್ತಿದ್ದರು. ಇನ್ನು ಅರ್ಥ್‌ಕ್ಯಾಶ್ ಮತ್ತು ವರ್ಚುವಲ್ ಬಗೆಗಳಲ್ಲಿ ಡಬ್ಬಿಯೇ ಇರುವುದಿಲ್ಲ. ಸ್ಥಳಕ್ಕೆ ಹೋಗಿ ನೋಡಿ ಉತ್ತರ ಕಳುಹಿಸಬೇಕು.

ಮಕ್ಕಳಿರುವವರು ಇವುಗಳಲ್ಲಿ ಸಾಂಪ್ರದಾಯಿಕ ಬಗೆಯನ್ನೇ, ಅದರಲ್ಲೂ ಗಾತ್ರ ನೋಡಿಯೇ ಆರಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ. ಮೈಕ್ರೋ ಎಂದರೆ 100 ಮಿಲಿಲೀಟರಿಗಿಂತ ಕಡಿಮೆ, ಅಂದರೆ ಹಳೆಯ ಫಿಲ್ಮ್ ಡಬ್ಬಿಯಷ್ಟು. ಒಳಗೆ ಸುರುಳಿ ಸುತ್ತಿದ ಕಾಗದವಲ್ಲದೆ ಬೇರೇನೂ ಹಿಡಿಯುವುದಿಲ್ಲ. ಸ್ಮಾಲ್ ಒಂದು ಲೀಟರಿನವರೆಗೆ, ರೆಗ್ಯುಲರ್ ಇಪ್ಪತ್ತು ಲೀಟರಿನವರೆಗೆ, ಅದಕ್ಕೂ ಮೇಲಿನದು ಲಾರ್ಜ್. ನಾವು ಆರಂಭದಲ್ಲಿ ನಗರದ ನಡುವೆ, ಪಾರ್ಕಿಂಗ್ ಜಾಗದ ದೀಪದ ಕಂಬದ ಬುಡದಲ್ಲಿದ್ದ ಮೈಕ್ರೋಗಳನ್ನು ಹುಡುಕಲು ಮಗಳನ್ನು ಕರೆದೊಯ್ದೆವು. ಮೂರನೆಯದಕ್ಕೆ ಅವಳು, "ಅಪ್ಪಾ, ಬರೀ ಚೀಟಿ ಅಷ್ಟೇನಾ?" ಎಂದು ಕೇಳಿದಳು. ಮರುವಾರ ಉದ್ಯಾನವೊಂದರ ಬಿದ್ದ ಮರದ ಪೊಟರೆಯಲ್ಲಿ ದೊಡ್ಡ ಡಬ್ಬಿ ಸಿಕ್ಕು, ಅದರೊಳಗೆ ಗೋಲಿ, ಬಿಲ್ಲೆ, ಪುಟ್ಟ ಡೈನೋಸಾರ್ ಕಂಡ ಮೇಲೆ ಅವಳಿಗೆ ಈ ಹವ್ಯಾಸ ಹಿಡಿಸಿತು. ಹತ್ತು ಮೈಕ್ರೋಗಳಿಗಿಂತ ಒಂದು ರೆಗ್ಯುಲರ್ ಹುಡುಕಿದ ದಿನವೇ ಮಕ್ಕಳ ನೆನಪಿನಲ್ಲಿ ಉಳಿಯುತ್ತದೆ.

ಪ್ರತಿ ಕ್ಯಾಶ್‌ಗೂ ಹುಡುಕುವ ಕಷ್ಟ ಮತ್ತು ನೆಲದ ಕಷ್ಟ ಎಂಬ ಎರಡು ಅಂಕಗಳಿರುತ್ತವೆ. ಎರಡೂ 1ರಿಂದ 5ರವರೆಗೆ ಅರ್ಧರ್ಧ ಏರುತ್ತವೆ. ಇವೆರಡರಲ್ಲಿ ಮೊದಲು ನೋಡಬೇಕಾದದ್ದು ನೆಲದ ಅಂಕ. ಹುಡುಕುವುದು ಕಷ್ಟವಾದರೆ ಹೋಗುವುದು ನಮ್ಮ ಹೊತ್ತು. ನೆಲ ಕಷ್ಟವಾದರೆ ಕಾಲು, ಕೆಲವೊಮ್ಮೆ ಜೀವ. ನೆಲ 1 ಎಂದರೆ ಗಾಲಿಕುರ್ಚಿಯಲ್ಲಿ ಬರುವವರಿಗೂ ನಿಲುಕುವಂತಹುದು, 5 ಎಂದರೆ ಹಗ್ಗ, ದೋಣಿ ಮುಂತಾದ ಸಲಕರಣೆ ಬೇಕಾಗುವಂತಹುದು. 2018ರಲ್ಲಿ ಪ್ರಾಗ್ ನಗರದ ಒಂದು ತೊರೆಯ ಸುರಂಗದೊಳಗೆ ಕ್ಯಾಶ್ ಹುಡುಕುತ್ತಿದ್ದವರ ಮೇಲೆ ಬಿರುಮಳೆಯ ನೀರು ನುಗ್ಗಿ ಇಬ್ಬರು ಪ್ರಾಣ ಕಳೆದುಕೊಂಡರು. ಚರಂಡಿ, ಸುರಂಗ, ಒಣಗಿದ ಹೊಳೆಪಾತ್ರ ಇವುಗಳಿಗೆ ಆ ದಿನದ ಹವಾಮಾನ ನೋಡದೆ ಇಳಿಯಲೇಬಾರದು. ನಮ್ಮ ಭಾಗದ ಸ್ನೋಕ್ವಾಲ್ಮಿ ಹಳೆಯ ರೈಲು ಸುರಂಗ ಸುಮಾರು 3.7 ಕಿಲೋಮೀಟರ್ ಉದ್ದವಿದ್ದು, ಒಳಗೆ ಬೆಳಕಿಲ್ಲ, ಚಳಿಗಾಲದ ತಿಂಗಳುಗಳಲ್ಲಿ ಬಾಗಿಲು ಹಾಕಿರುತ್ತದೆ. ಅದರ ಪಶ್ಚಿಮ ತುದಿಯ ಬಳಿ ಈ ಹವ್ಯಾಸದ ಅತಿ ಹೆಸರಾಂತ ಡಬ್ಬಿಗಳಲ್ಲೊಂದಿದೆ. ಅದು 2011ರಲ್ಲಿ ಕಳವಾಗಿ ಕೆಲವು ವರ್ಷಗಳ ಬಳಿಕ ದೊರೆತು ಮತ್ತೆ ಅಲ್ಲಿಗೇ ಮರಳಿತು. ಎರಡೆರಡು ಟಾರ್ಚುಗಳಿಲ್ಲದೆ ಅಲ್ಲಿಗೆ ಯಾರನ್ನೂ ನಾನು ಕರೆದೊಯ್ಯುವುದಿಲ್ಲ.

ಜಿಯೋಕ್ಯಾಶಿಂಗ್ ಡಾಟ್ ಕಾಮ್‌ನ ಉಚಿತ ಸದಸ್ಯತ್ವವೋ ಹಣ ಕೊಟ್ಟು ಪಡೆಯುವ ಪ್ರೀಮಿಯಂ ಸದಸ್ಯತ್ವವೋ ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು. ಮೊದಲ ಎರಡು ಮೂರು ತಿಂಗಳು ಉಚಿತದಲ್ಲೇ ಇರಿ. ಬೆಟ್ಟಗಾಡಿಗೆ ಹೋಗುವ ಮುನ್ನ ನೂರಾರು ಕ್ಯಾಶ್‌ಗಳ ವಿವರವನ್ನು ಒಟ್ಟಿಗೆ ಇಳಿಸಿಕೊಳ್ಳುವ ಅಗತ್ಯ ಬಿದ್ದಾಗ, ಅಥವಾ ಹತ್ತಿರದ ಒಳ್ಳೆಯ ಕ್ಯಾಶ್‌ಗಳೆಲ್ಲ ಪ್ರೀಮಿಯಂ ಸದಸ್ಯರಿಗೆ ಮೀಸಲಾದವೆಂದು ಕಂಡಾಗ ಹಣ ಕೊಡಿ. ಪ್ರೀಮಿಯಂ ಸದಸ್ಯರು ತಾವು ಕಂಡ ಪ್ರತಿ ಹತ್ತು ಕ್ಯಾಶ್‌ಗಳಿಗೆ ಒಂದರಂತೆ ಮೆಚ್ಚುಗೆಯ ಅಂಕ ನೀಡುತ್ತಾರೆ. ಹೊಸ ಊರಿಗೆ ಹೋದಾಗ ಆ ಅಂಕಗಳು ಹೆಚ್ಚಿರುವ ಕ್ಯಾಶ್‌ಗಳನ್ನು ಆರಿಸಿಕೊಂಡರೆ ಹೊತ್ತು ವ್ಯರ್ಥವಾಗುವುದಿಲ್ಲ.

ಸಿಕ್ಕಿತೆಂದು ಬರೆಯುವುದೋ, ಸಿಗಲಿಲ್ಲವೆಂದೋ

ಈ ಹವ್ಯಾಸದ ಶಿಷ್ಟಾಚಾರದಲ್ಲಿ ಹೊಸಬರು ಹೆಚ್ಚು ಎಡವುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ. ಡಬ್ಬಿಯೊಳಗಿನ ಕಾಗದದಲ್ಲಿ ನಿಮ್ಮ ಹೆಸರಿದ್ದರೆ ಮಾತ್ರ ಜಾಲತಾಣದಲ್ಲಿ ಸಿಕ್ಕಿತೆಂದು ದಾಖಲಿಸುವ ಹಕ್ಕು ನಿಮ್ಮದು. ಮರದ ಮೇಲೆ ತೂಗುತ್ತಿದ್ದ ಡಬ್ಬಿಯನ್ನು ಕೆಳಗಿನಿಂದ ಕಂಡೆವು, ಆದರೆ ಹತ್ತಲಾಗಲಿಲ್ಲ ಎಂಬುದು ಸಿಕ್ಕಂತೆ ಅಲ್ಲ. ಹತ್ತುವುದೇ ಆ ಕ್ಯಾಶ್‌ನ ಹುರುಳು. ಮನೆಯಲ್ಲೇ ಕುಳಿತು ಹೋಗದ ಜಾಗಗಳನ್ನು ದಾಖಲಿಸುವುದಂತೂ ಸುಳ್ಳು ಹೇಳಿದಂತೆಯೇ.

ಸಿಗದಿದ್ದಾಗ ಅನೇಕರು ಏನನ್ನೂ ಬರೆಯದೆ ಸುಮ್ಮನಾಗುತ್ತಾರೆ. ತಮ್ಮ ಸೋಲನ್ನು ಊರಿಗೆಲ್ಲ ಸಾರುವುದೇಕೆ ಎಂಬ ಸಂಕೋಚ ನನಗೂ ಮೊದಲ ವರ್ಷವೆಲ್ಲ ಇತ್ತು. ಆದರೆ ಸತತವಾಗಿ ಮೂರು ನಾಲ್ಕು ಮಂದಿ ಸಿಗಲಿಲ್ಲವೆಂದು ಬರೆದಾಗಲೇ ಡಬ್ಬಿ ಕಳೆದುಹೋಗಿರಬಹುದೆಂದು ಅಡಗಿಸಿದವರಿಗೆ ತಿಳಿಯುವುದು. ಮುಂದಿನ ಕುಟುಂಬವೊಂದು ಮಳೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಬರಿಗೈಯಲ್ಲಿ ಮರಳುವುದು ತಪ್ಪುವುದೂ ಅದರಿಂದಲೇ. ಒಮ್ಮೆ ಹೊಳೆದಂಡೆಯೊಂದರಲ್ಲಿ ನಾನು ನಲವತ್ತು ನಿಮಿಷ ಹುಡುಕಿ ಸೋತು ಏನನ್ನೂ ಬರೆಯದೆ ಬಂದೆ. ಮುಂದಿನ ವಾರ ನನ್ನ ಗೆಳೆಯರೊಬ್ಬರು ತಮ್ಮ ವಯಸ್ಸಾದ ತಂದೆಯವರೊಂದಿಗೆ ಅಲ್ಲಿಗೇ ಹೋಗಿ ಅಷ್ಟೇ ಹೊತ್ತು ಅಲೆದರು. ಡಬ್ಬಿ ಪ್ರವಾಹದಲ್ಲಿ ಕೊಚ್ಚಿಹೋಗಿ ತಿಂಗಳೇ ಆಗಿತ್ತು. ಆ ಹಿರಿಯರ ಮುಖ ನೋಡಿದ ಮೇಲೆ ನಾನು ಒಂದು ಸೋಲನ್ನೂ ಬರೆಯದೆ ಬಿಟ್ಟಿಲ್ಲ.

ಡಬ್ಬಿ ಇಲ್ಲವೆಂದು ಖಚಿತವಾದಾಗ ತಾವೇ ಹೊಸದೊಂದನ್ನು ಇಟ್ಟು ಸಿಕ್ಕಿತೆಂದು ಬರೆಯುವವರಿದ್ದಾರೆ. ಅವರ ಉದ್ದೇಶ ಒಳ್ಳೆಯದಿರಬಹುದು, ಫಲ ಮಾತ್ರ ಕೆಟ್ಟದ್ದು: ಹಳೆಯ ಡಬ್ಬಿ ಎರಡು ಮೀಟರ್ ಆಚೆಗೆ ಹಾಗೆಯೇ ಇದ್ದು, ಒಂದು ಜಾಗದಲ್ಲಿ ಎರಡು ಡಬ್ಬಿಗಳಾಗುತ್ತವೆ, ಎರಡನೆಯದಕ್ಕೆ ಹೊಣೆಗಾರರೇ ಇರುವುದಿಲ್ಲ. ಒಡೆಯರಿಗೆ ಸಂದೇಶ ಬರೆದು ಅವರು ಒಪ್ಪಿದರೆ ಮಾತ್ರ ಬದಲಿ ಇಡಬೇಕು. ಲಾಗ್ ಕಾಗದ ನೆನೆದು ಮುದ್ದೆಯಾಗಿದ್ದರೆ ಒಣಗಿದ ಒಂದು ಹಾಳೆ ಸೇರಿಸುವುದಕ್ಕೆ ಯಾರ ಆಕ್ಷೇಪವೂ ಇಲ್ಲ. ಹಾಗೆ ಸೇರಿಸಿದ್ದನ್ನು ತಿಳಿಸಿ, ಹಳೆಯದನ್ನು ಎಸೆಯದೆ ಅಲ್ಲೇ ಬಿಡಬೇಕು. ಡಬ್ಬಿ ಒಡೆದಿದ್ದರೆ ಒಡೆಯರ ಗಮನ ಕೋರುವ ದಾಖಲೆ ಸಾಕು. ಕ್ಯಾಶ್‌ಗಳನ್ನು ಪ್ರಕಟಣೆಗೆ ಮುನ್ನ ನೋಡಿ ಒಪ್ಪುವ ಪರಿಶೀಲಕರ ಗಮನ ಕೋರುವ ದಾಖಲೆಯನ್ನು ತಿಂಗಳುಗಟ್ಟಲೆ ಉತ್ತರವಿಲ್ಲದಾಗ, ಅಥವಾ ಜಾಗದ ಮಾಲೀಕರೇ ಆಕ್ಷೇಪಿಸಿದಾಗ ಬಳಸಬೇಕು.

ಬರೆಯುವ ಮಾತಿನ ವಿಷಯ. "ಕ್ಯಾಶ್‌ಗೆ ಧನ್ಯವಾದ" ಎಂಬುದರ ನಾಲ್ಕಕ್ಷರದ ಸಂಕ್ಷೇಪವನ್ನಷ್ಟೇ ಬರೆದು ಮುಗಿಸುವುದು ನಿಯಮಕ್ಕೆ ವಿರುದ್ಧವಲ್ಲ. ಆದರೂ ಅಡಗಿಸಿದವರಿಗೆ ಸಿಗುವ ಪ್ರತಿಫಲ ನಮ್ಮ ಬರವಣಿಗೆ ಒಂದೇ. ದಾರಿಯಲ್ಲಿ ಕಂಡ ಹಕ್ಕಿ, ಮಗು ಆಡಿದ ಮಾತು, ಎಲ್ಲಿ ಎಡವಿದೆವು ಎಂಬುದು, ಇಂತಹ ಎರಡು ವಾಕ್ಯಗಳಾದರೂ ಅವರಿಗೆ ಸಲ್ಲಬೇಕು. ಹಾಗೆ ಬರೆಯುವಾಗ ಡಬ್ಬಿ ಎಲ್ಲಿದೆ ಎಂಬ ಗುಟ್ಟನ್ನು ಬಿಟ್ಟುಕೊಡಬಾರದು, ಅಡಗುತಾಣದ ಚಿತ್ರವನ್ನು ಹಾಕಬಾರದು.

ಕೊಡುವುದು, ತೆಗೆದುಕೊಳ್ಳುವುದು

ಡಬ್ಬಿಯಿಂದ ಏನನ್ನಾದರೂ ತೆಗೆದರೆ ಅಷ್ಟೇ ಬೆಲೆಯ ಅಥವಾ ಅದಕ್ಕಿಂತ ಒಳ್ಳೆಯ ವಸ್ತುವನ್ನು ಇಡಬೇಕು. ಕೈಯಲ್ಲಿ ಏನೂ ಇಲ್ಲದಿದ್ದರೆ ತೆಗೆಯಬಾರದು. ತಿಂಡಿ, ಮದ್ಯ, ಚಾಕು, ಔಷಧ ಇವುಗಳಿಗೆ ಡಬ್ಬಿಯೊಳಗೆ ಜಾಗವಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಚಾಕೊಲೇಟಿನ ವಾಸನೆಯೂ ರ‍್ಯಾಕೂನ್‌ಗಳಿಗೆ ಮತ್ತು ಕರಡಿಗಳಿಗೆ ತಿಳಿಯುತ್ತದೆ, ಡಬ್ಬಿಯ ಮೇಲೆ ಹಲ್ಲಿನ ಗುರುತು ಉಳಿಯುತ್ತದೆ. ನಾವು ಊರಿನಿಂದ ಬರುವಾಗ ಚನ್ನಪಟ್ಟಣದ ಪುಟ್ಟ ಬುಗುರಿಗಳನ್ನು ತಂದುಕೊಂಡು ಒಂದೊಂದಾಗಿ ಇಡುತ್ತೇವೆ. ಅರಗಿನ ಬಣ್ಣದ ಮರದ ಆಟಿಕೆ ತೇವಕ್ಕೆ ಬೇಗ ಕೆಡುವುದಿಲ್ಲ, ಹಗುರವಾಗಿದೆ, ಇಲ್ಲಿನ ಮಕ್ಕಳಿಗೆ ಹೊಸದು. ತಮ್ಮ ಅಂಗಡಿಯ ಜಾಹೀರಾತಿನ ಚೀಟಿ ಇಡುವುದಕ್ಕಿಂತ ಏನೂ ಇಡದಿರುವುದು ಮೇಲು.

ಸಂಖ್ಯೆ ಕೆತ್ತಿದ ಲೋಹದ ಬಿಲ್ಲೆಯುಳ್ಳ ವಸ್ತು ಕಂಡರೆ ಅದು ಟ್ರ್ಯಾವೆಲ್ ಬಗ್ ಅಥವಾ ಜಿಯೋಕಾಯಿನ್. ಅದು ವಿನಿಮಯದ ವಸ್ತುವಲ್ಲ, ಪ್ರಯಾಣಿಕ. ಅದರ ಒಡೆಯರು ಬರೆದಿರುವ ಗುರಿಯನ್ನು ಓದಿ, ನೆರವಾಗಬಲ್ಲಿರಾದರೆ ಮಾತ್ರ ಒಯ್ಯಿರಿ, ಎರಡು ವಾರಗಳೊಳಗೆ ಇನ್ನೊಂದು ಕ್ಯಾಶ್‌ಗೆ ಸೇರಿಸಿ. ಇಲ್ಲವಾದರೆ ಸಂಖ್ಯೆಯನ್ನು ಗುರುತು ಮಾಡಿಕೊಂಡು, ನೋಡಿದೆನೆಂದು ದಾಖಲಿಸಿ, ಅಲ್ಲೇ ಬಿಡಿ. 2013ರಲ್ಲಿ ಗಗನಯಾತ್ರಿ ರಿಕ್ ಮಸ್ಟ್ರಾಕಿಯೊ ಇಂತಹದೊಂದನ್ನು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೇ ಒಯ್ದಿದ್ದರು. ನಿಮ್ಮದೇ ಒಂದನ್ನು ಬಿಡುವುದಾದರೆ ಹೊಳೆಯುವ ನಾಣ್ಯಕ್ಕಿಂತ ಸಾದಾ ಬಿಲ್ಲೆಯನ್ನೇ ಆರಿಸಿಕೊಳ್ಳಿ. ಅಂದದ ನಾಣ್ಯಗಳು ಯಾರದೋ ಸಂಗ್ರಹದಲ್ಲಿ ಬಹುಬೇಗ ನಿಂತುಬಿಡುತ್ತವೆ.

ಜನರ ನಡುವೆ ಹುಡುಕುವಾಗ

ಹವ್ಯಾಸಿಗಳಲ್ಲದವರನ್ನು ಇಲ್ಲಿ ಮಗಲ್ ಎಂದು ಕರೆಯುವುದು ರೂಢಿ. ಅವರ ಕಣ್ಣಿಗೆ ಬೀಳದಂತೆ ಹುಡುಕಬೇಕೆಂಬುದು ಆಟದ ಭಾಗ. ಇದರಲ್ಲಿ ಎರಡು ದಾರಿಗಳಿವೆ: ಮರೆಮಾಚಿ ನಡೆಯುವುದು, ಇಲ್ಲವೇ ಕೇಳಿದವರಿಗೆ ನೇರವಾಗಿ ಹೇಳಿಬಿಡುವುದು. ಕಾಡುದಾರಿಯಲ್ಲಿ ಯಾರಾದರೂ ಎದುರಾದರೆ ನೀರು ಕುಡಿಯುವಂತೆ ನಿಂತು ಅವರು ದಾಟುವವರೆಗೆ ಕಾಯುವುದು ಸರಿ. ಮನೆಗಳ ಸಾಲಿನಲ್ಲಿ, ಆಟದ ಮೈದಾನದ ಬೇಲಿಯ ಬಳಿ, ಮುಸ್ಸಂಜೆಯ ಹೊತ್ತಿನಲ್ಲಿ ಹಾಗೆ ನಟಿಸುವುದು ಅನುಮಾನವನ್ನು ಹೆಚ್ಚಿಸುತ್ತದೆ. ಹೊರದೇಶದಿಂದ ಬಂದು ನೆಲೆಸಿದ ನಮ್ಮಂತಹವರು ಈ ವಿಷಯದಲ್ಲಿ ಇನ್ನಷ್ಟು ಎಚ್ಚರದಿಂದಿರಬೇಕೆಂದು ನಾನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಅಂತಹ ಕ್ಯಾಶ್‌ಗಳನ್ನು ಬಿಟ್ಟು ಸಾರ್ವಜನಿಕ ಉದ್ಯಾನಗಳಲ್ಲಿರುವುದನ್ನು, ಹಗಲಿನಲ್ಲಿ ಆರಿಸಿಕೊಳ್ಳಿ. ಯಾರಾದರೂ ಕೇಳಿದರೆ ನಗುಮುಖದಿಂದ ಫೋನಿನ ಪರದೆ ತೋರಿಸಿ ವಿವರಿಸಿ. ಪೊಲೀಸರು ಕೇಳಿದರೆ ಒಂದು ಮಾತನ್ನೂ ಮರೆಮಾಚಬೇಡಿ. ಇಲ್ಲಿನ ಬಹಳಷ್ಟು ಪೊಲೀಸರಿಗೆ ಈ ಹವ್ಯಾಸದ ಪರಿಚಯವಿದೆ.

2011ರಲ್ಲಿ ಇಂಗ್ಲೆಂಡಿನ ವೆದರ್ಬಿ ಪಟ್ಟಣದಲ್ಲಿ ಹೂಕುಂಡದ ಬಳಿ ಇಟ್ಟಿದ್ದ ಕ್ಯಾಶ್ ಒಂದನ್ನು ಬಾಂಬ್ ಎಂದು ಶಂಕಿಸಿ, ಜನರನ್ನು ತೆರವುಗೊಳಿಸಿ, ಸೇನೆಯ ಪರಿಣತರು ಅದನ್ನು ಸ್ಫೋಟಿಸಿದರು. ಹುಡುಕುವವರ ವರ್ತನೆಯಷ್ಟೇ ಡಬ್ಬಿಯ ಬಗೆಯೂ ಮುಖ್ಯವೆಂಬುದನ್ನು ಆ ಘಟನೆಯಿಂದ ನಾವೆಲ್ಲ ಕಲಿಯಬೇಕಾಯಿತು.

ಅಡಗಿಸುವವರಿಗೆ: ಯಾವ ಡಬ್ಬಿ, ಯಾವ ಜಾಗ

ಕನಿಷ್ಠ ಐವತ್ತು ಕ್ಯಾಶ್‌ಗಳನ್ನು ಕಂಡ ಮೇಲೆಯೇ ನಿಮ್ಮದೊಂದನ್ನು ಇಡಿ. ಅಷ್ಟರಲ್ಲಿ ಯಾವ ಡಬ್ಬಿ ಮಳೆಗಾಲ ಕಳೆದ ಮೇಲೂ ಒಣಗಿರುತ್ತದೆಂದು ನಿಮ್ಮ ಕೈಗೇ ತಿಳಿದಿರುತ್ತದೆ. ಸಿಯಾಟಲ್‌ನಲ್ಲಿ ಅಕ್ಟೋಬರಿನಿಂದ ಮಾರ್ಚಿನವರೆಗೆ ನೆಲ ಒಣಗುವುದೇ ಇಲ್ಲ. ತಿರುಪಿನ ಮುಚ್ಚಳದ ಅಗ್ಗದ ಡಬ್ಬಿಗಳೂ ಮೊಸರಿನ ಡಬ್ಬಿಗಳೂ ಒಂದು ಚಳಿಗಾಲಕ್ಕೆ ಸೋರುತ್ತವೆ. ನಾಲ್ಕೂ ಕಡೆ ಕೊಂಡಿ ಬೀಳುವ, ಮುಚ್ಚಳದೊಳಗೆ ರಬ್ಬರ್ ಅಂಚುಳ್ಳ ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಿ ಎರಡು ಮೂರು ವರ್ಷ ಬಾಳುತ್ತದೆ. ಕೊಂಡಿಗಳು ಬಿಸಿಲಿಗೆ ಸೀಳುವುದೇ ಅದರ ದೋಷ. ಸೇನೆಯ ಹಳೆಯ ಗುಂಡಿನ ಪೆಟ್ಟಿಗೆಗೆ ಸರಿಸಮವಾದದ್ದು ಬೇರೊಂದಿಲ್ಲ, ನನ್ನದೊಂದು ಎಂಟು ವರ್ಷಗಳಿಂದ ಒಳಗೆ ಹನಿ ನೀರು ಕಂಡಿಲ್ಲ. ಆದರೆ ಊರೊಳಗೆ, ರಸ್ತೆಯ ಬಳಿ ಅದನ್ನು ಇಡಲೇಬಾರದು. ಕಾಡಿನಲ್ಲಿಟ್ಟರೂ ಸೇನೆಯ ಗುರುತುಗಳನ್ನು ಬಣ್ಣ ಬಳಿದು ಅಳಿಸಬೇಕು. ಪಟ್ಟಣದ ಜಾಗಗಳಿಗೆ ಒಳಗಿನದು ಕಾಣುವ ಪಾರದರ್ಶಕ ಡಬ್ಬಿಯೇ ಸರಿಯಾದ ಆಯ್ಕೆ, ಹೊರಗೆ ಇದು ಜಿಯೋಕ್ಯಾಶ್ ಎಂದು ಸ್ಪಷ್ಟವಾಗಿ ಬರೆದಿರಬೇಕು. ಒಳಗೆ ಪೆನ್ನಿಗಿಂತ ಪೆನ್ಸಿಲ್ ಇಡಿ, ಚಳಿಯಲ್ಲಿ ಬಾಲ್ ಪೆನ್ನಿನ ಶಾಯಿ ಕಟ್ಟಿಕೊಳ್ಳುತ್ತದೆ. ಕಾಗದಕ್ಕೆ ನಮ್ಮದೇ ರಾಜ್ಯದ ಟಕೋಮಾದಲ್ಲಿ ತಯಾರಾಗುವ ರೈಟ್ ಇನ್ ದ ರೇನ್ ಪುಸ್ತಕ ದುಬಾರಿಯಾದರೂ ಸಾರ್ಥಕ.

ಜಾಗದ ಅನುಮತಿಯನ್ನು ಬಾಯಿಮಾತಿನಲ್ಲಾದರೂ ಪಡೆಯದೆ ಇಡಬೇಡಿ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಆಡಳಿತದ ಒಪ್ಪಿಗೆಯಿಲ್ಲದೆ ಡಬ್ಬಿ ಇಡುವಂತಿಲ್ಲ. ಶಾಲೆ, ವಿಮಾನ ನಿಲ್ದಾಣ, ರೈಲು ಹಳಿ, ಅಣೆಕಟ್ಟು, ಸೇನಾ ನೆಲೆಗಳ ಹತ್ತಿರ ಯಾವ ದೇಶದಲ್ಲೂ ಇಡಬಾರದು. ಇಡಲೆಂದು ನೆಲ ಅಗೆಯುವುದು, ಮರಕ್ಕೆ ಮೊಳೆ ಹೊಡೆಯುವುದು ನಿಷಿದ್ಧ. ಬೇರೊಂದು ಡಬ್ಬಿಯಿಂದ ಕನಿಷ್ಠ 161 ಮೀಟರ್ ದೂರವಿರಬೇಕು. ದೊಡ್ಡ ಡಬ್ಬಿಯನ್ನು ಇಡಲು ಜಾಗವಿರುವಲ್ಲಿ ಮೈಕ್ರೋ ಇಡಬೇಡಿ ಎಂಬುದು ನಿಯಮವಲ್ಲ, ನನ್ನ ಬಿನ್ನಹ.

ಊರಿಗೆ ಹೋದಾಗ

ಕರ್ನಾಟಕದಲ್ಲಿ ಕ್ಯಾಶ್‌ಗಳು ವಿರಳ. ಆದ್ದರಿಂದಲೇ ಮೂರು ವಾರಗಳ ರಜೆಗೆ ಹೋದವರಿಗೆ ತಮ್ಮೂರ ಕೆರೆಯ ಏರಿಯ ಮೇಲೋ ಬೆಟ್ಟದ ಮಂಟಪದ ಬಳಿಯೋ ಒಂದನ್ನು ಇಟ್ಟು ಬರುವ ಆಸೆ ಹುಟ್ಟುತ್ತದೆ. ಆ ಆಸೆ ನನಗೂ ಹುಟ್ಟಿತ್ತು. ನೋಡಿಕೊಳ್ಳಲಾಗದಷ್ಟು ದೂರದಲ್ಲಿ ಡಬ್ಬಿ ಇಡುವುದನ್ನು ಪರಿಶೀಲಕರು ಸಾಮಾನ್ಯವಾಗಿ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಆರು ತಿಂಗಳಲ್ಲಿ ಮುಚ್ಚಳ ಒಡೆದರೆ ಹೋಗಿ ಬದಲಿಸುವವರು ಯಾರು? ಅದೇ ಊರಿನಲ್ಲಿರುವ ತಮ್ಮನೋ ಗೆಳೆಯರೋ ಈ ಹವ್ಯಾಸವನ್ನು ತಿಳಿದುಕೊಂಡು ಹೊಣೆ ಹೊರಲು ಸಿದ್ಧರಿದ್ದರೆ ಮಾತ್ರ ಯೋಚಿಸಬಹುದು. ಆಗಲೂ ದೇವಸ್ಥಾನ, ಬಸ್ ನಿಲ್ದಾಣ, ಮೆಟ್ರೋ ಮುಂತಾದ ಜನಸಂದಣಿಯ ಜಾಗಗಳನ್ನು ಬಿಡಬೇಕು. ವಾರಸುದಾರರಿಲ್ಲದ ಡಬ್ಬಿ ಅಲ್ಲಿ ಉಂಟುಮಾಡುವ ಗಾಬರಿ ಸಣ್ಣದಲ್ಲ. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳ ಕಲ್ಲಿನ ಸಂದಿಗಳಲ್ಲಿ ಏನನ್ನೂ ಸಿಕ್ಕಿಸಕೂಡದು. ಅಭಯಾರಣ್ಯಗಳಿಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲಿಡುವುದೇ ಅಪರಾಧ. ಕಲ್ಲಿನ ಸಂದಿ, ಹುತ್ತ, ಒಣ ಎಲೆಗಳ ರಾಶಿ ಇವುಗಳೊಳಗೆ ಬರಿಗೈ ಹಾಕುವ ಅಭ್ಯಾಸ ಸಿಯಾಟಲ್‌ನಲ್ಲಿ ನಡೆದೀತು, ನಮ್ಮೂರಿನಲ್ಲಿ ಹಾವು ಚೇಳುಗಳಿವೆ. ಮೊದಲು ಕೋಲಿನಿಂದ ಕೆದಕಿ ನೋಡಿ. ಇಲ್ಲಿಂದ ಒಯ್ಯುವ ಟ್ರ್ಯಾವೆಲ್ ಬಗ್ ಅಲ್ಲಿ ವರ್ಷಗಟ್ಟಲೆ ಒಂದೇ ಕಡೆ ಸಿಕ್ಕಿಕೊಳ್ಳಬಹುದು. ಇತ್ತೀಚೆಗೆ ಯಾರಾದರೂ ಹುಡುಕಿ ದಾಖಲಿಸಿದ ಕ್ಯಾಶ್ ಇದೆಯೇ ಎಂದು ನೋಡಿಕೊಂಡೇ ಒಯ್ಯಿರಿ.

ಇಲ್ಲಿನ ಚಾರಣಿಗರು ಬಳಸುವ ಉಪಗ್ರಹ ಸಂದೇಶದ ಸಾಧನವನ್ನು ಭಾರತಕ್ಕೆ ಒಯ್ಯಬೇಡಿ. ಉಪಗ್ರಹ ಫೋನ್ ಮತ್ತು ಅಂತಹ ಸಂದೇಶ ಸಾಧನಗಳಿಗೆ ಅಲ್ಲಿ ಸರ್ಕಾರದ ಪೂರ್ವಾನುಮತಿ ಬೇಕು. ತಿಳಿಯದೆ ತಂದ ವಿದೇಶಿ ಪ್ರವಾಸಿಗಳು ವಿಮಾನ ನಿಲ್ದಾಣದಲ್ಲೇ ಪೊಲೀಸರ ವಶವಾದ ಪ್ರಕರಣಗಳಿವೆ. ಅಲ್ಲಿನ ಹುಡುಕಾಟಕ್ಕೆ ಫೋನ್ ಸಾಕು.

ಡಬ್ಬಿ ಇಡುವುದಕ್ಕೂ ಇಡದಿರುವುದಕ್ಕೂ ನಡುವೆ ನಾನು ಸೂಚಿಸುವ ದಾರಿ ಅರ್ಥ್‌ಕ್ಯಾಶ್. ಒಡೆಯುವ, ಕಳೆಯುವ, ಶಂಕೆ ಹುಟ್ಟಿಸುವ ವಸ್ತುವೇ ಅದರಲ್ಲಿಲ್ಲ. ಭೂವಿಜ್ಞಾನದ ಒಂದು ಪಾಠವನ್ನು ಕಲಿಸುವ ಜಾಗವೂ, ಸ್ಥಳಕ್ಕೆ ಬಂದು ನೋಡಿದವರಷ್ಟೇ ಉತ್ತರಿಸಬಲ್ಲ ಪ್ರಶ್ನೆಗಳೂ ಬೇಕು. ಅದಕ್ಕೆ ತಕ್ಕ ನೆಲ ಕರ್ನಾಟಕದಲ್ಲಿ ಎಷ್ಟಿದೆಯೆಂದರೆ ಆರಿಸುವುದೇ ಕಷ್ಟ: ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆನಿಸಿದ, ಸುಮಾರು 300 ಕೋಟಿ ವರ್ಷ ಹಳೆಯ ಲಾಲ್‌ಬಾಗಿನ ಬಂಡೆ, ಮಲ್ಪೆಯ ಕಡಲಾಚೆ ಸೇಂಟ್ ಮೇರಿ ದ್ವೀಪದ ಕಂಬಕಂಬವಾಗಿ ನಿಂತ ಲಾವಾಶಿಲೆಗಳು, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತೆ ಗಟ್ಟಿಯಾದ ಲಾವಾ. ಜಾಗ ಆರಿಸಿದ ಮೇಲೆ ಮೊದಲು ನಕ್ಷೆಯಲ್ಲಿ ನೋಡಿ, ಅಲ್ಲಿ ಈಗಾಗಲೇ ಯಾರಾದರೂ ಪ್ರಕಟಿಸಿದ್ದರೆ ಅದನ್ನೇ ಹುಡುಕಿ ಉತ್ತರ ಬರೆಯಿರಿ. ಹೊಸದನ್ನು ಮಾಡುವುದಾದರೆ ಜಾಗದ ಆಡಳಿತದ ಒಪ್ಪಿಗೆ ಪಡೆದು, ಪ್ರಶ್ನೆಗಳನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಯಿರಿ. ಬಂದ ಉತ್ತರಗಳನ್ನು ಸಿಯಾಟಲ್‌ನಿಂದಲೇ ಓದಿ ಮರುತ್ತರ ಕೊಡಬಹುದು.